ಕಮಾನಿನ ಕೆಳಗೆ ಅತ್ತೆ ಹೇಳಿದ್ದು

ಚೀನಾಕ್ಕೆ ಹೋಗಬೇಕಾಗಿದ್ದವರು ನನ್ನ ಯಜಮಾನರು. ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ತೊಗರಿ ಒಡೆದು ಬೇಳೆ ಮಾಡಿ ಸೊಲ್ಲಾಪುರದ ಕಡೆಗೂ ಹೈದರಾಬಾದಿನ ಕಡೆಗೂ ಕಳಿಸುತ್ತೇವೆ. ಬೇಳೆಯಲ್ಲಿ ಉಳಿದುಬಿಡುವ ಕಪ್ಪು ಕಾಳು, ಹರಳು, ಸಿಪ್ಪೆ ಬಿಡದ ತುಂಡುಗಳನ್ನು ಕ್ಯಾಮೆರಾದ ಕಣ್ಣಿನಿಂದ ನೋಡಿ, ಗಾಳಿ ಊದಿ ಬೇರೆ ಮಾಡುವ ಯಂತ್ರ ನಮಗೆ ಬೇಕಾಗಿತ್ತು. ಅಂಥ ಯಂತ್ರ ಮಾಡುವ ಕಾರ್ಖಾನೆಗಳು ಹೆಫೆಯಿ ಎಂಬ ಊರಿನಲ್ಲಿವೆ. ನಮ್ಮ ಬೇಳೆಯನ್ನೇ ಅವರ ಯಂತ್ರದಲ್ಲಿ ಹಾಕಿಸಿ, ಕಣ್ಣಾರೆ ನೋಡಿ ಕೊಳ್ಳಬೇಕೆಂದು ಮನೆಯಲ್ಲಿ ಮಾತಾಯಿತು. ಐದು ಕಿಲೋ ಬೇಳೆಯನ್ನು ಮುಂಚೆಯೇ ಕೊರಿಯರಿನಲ್ಲಿ ಕಳಿಸಿದೆವು. ಯಜಮಾನರು, ನಾನು, ಅತ್ತೆ, ಮೂವರೂ ಹೊರಡುವುದೆಂದಾಯಿತು.

ಅತ್ತೆ ಯಾಕೆ ಎಂದರೆ, ನಮ್ಮ ಮಿಲ್ಲಿನಲ್ಲಿ ಬೇಳೆಯ ಗುಣ ಹೇಳುವವರು ಅವರೇ. ಅರವತ್ತೇಳು ವರ್ಷ ಅವರಿಗೆ. ಮಾವ ಇದ್ದಾಗಲೂ, ಅವರು ಹೋದ ಈ ಒಂಬತ್ತು ವರ್ಷಗಳಲ್ಲೂ, ಮಿಲ್ಲಿನ ಕಟ್ಟೆಯ ಮೇಲೆ ಕೂತು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಇದು ಜೇವರ್ಗಿ ಕಡೆಯ ಎರೆಮಣ್ಣಿನದು, ಇದಕ್ಕೆ ಮಳೆ ಹೊಡೆದಿದೆ, ಇದು ಹೋದ ವರ್ಷದ ಮಾಲು ಎಂದು ಹೇಳಿಬಿಡುತ್ತಾರೆ. ಯಂತ್ರ ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ನೋಡಲು ಅವರ ಕೈ ಬೇಕಿತ್ತು.

ಕಡೆಯ ಗಳಿಗೆಯಲ್ಲಿ ಯಜಮಾನರ ವೀಸಾ ಬರಲಿಲ್ಲ. ಎರಡು ಕಾಗದಗಳಲ್ಲಿ ಅವರ ಹೆಸರಿನ ಅಕ್ಷರ ಬೇರೆ ಬೇರೆಯಾಗಿತ್ತು. ನಮ್ಮಿಬ್ಬರದು ಬಂದಿತ್ತು. ಟಿಕೆಟ್ ರದ್ದು ಮಾಡೋಣವೆಂದು ಯಜಮಾನರು ಫೋನು ಹಿಡಿದರು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸದೆ ಹೇಳಿದರು: "ಯಾಕ್ ರದ್ದ ಮಾಡ್ತಿ? ಬ್ಯಾಳಿ ನೋಡಾಕ್ ನಾ ಇದ್ದೀನಿ, ಇಂಗ್ಲೀಷ್ ಮಾತಾಡಾಕ್ ಈಕಿ ಇದ್ದಾಳ. ನೀ ಏನ್ ಮಾಡಾಕ್ ಬರ್ತಿದ್ದಿ ಹೇಳು?"

ಹೀಗೆ ಮಾರ್ಚ್ ತಿಂಗಳ ಕೊನೆಯಲ್ಲಿ, ತೊಗರಿಯ ಸುಗ್ಗಿ ಮುಗಿದ ಮೇಲೆ, ಶ್ರೀಶೈಲಕ್ಕಿಂತ ದೂರ ಹೋಗದಿದ್ದ ಅತ್ತೆ ಮತ್ತು ಕಲಬುರ್ಗಿಯಲ್ಲಿ ಬಿ.ಕಾಂ. ಓದಿದ್ದೇ ದೊಡ್ಡ ಪ್ರವಾಸವಾಗಿದ್ದ ನಾನು, ಒಂದು ಚೀಲ ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೆಫೆಯಿಗೆ ಬಂದಿಳಿದೆವು.

ಕಾರ್ಖಾನೆಯವರು ಯಂತ್ರವನ್ನು ನಮ್ಮ ಬೇಳೆಯ ಬಣ್ಣಕ್ಕೆ ಹೊಂದಿಸಲು ಒಂದು ದಿನ ಬೇಕೆಂದರು. ಆ ದಿನ ಏನು ಮಾಡುವುದು? ಹೋಟೆಲಿನ ಮೇಜಿನ ಹಿಂದಿದ್ದ ಹುಡುಗ ಪ್ರಸಿದ್ಧ ಜಾಗಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. ಎಲ್ಲದರಲ್ಲೂ ಜನವೋ ಜನ. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದು ಊರ್ ನೋಡೂದಲ್ಲ ಬೇ, ಮಂದಿ ಬೆನ್ನ ನೋಡೂದು. ಹಳೀ ಮನಿ ಇರ್ಬೇಕು, ಆ ಮನ್ಯಾಗ ಯಾರರ ಇರ್ಬೇಕು. ಹಂತಾದ್ ಇದ್ರ ಕೇಳು."

ಹುಡುಗ ಸ್ವಲ್ಪ ಯೋಚಿಸಿ ಯಾರಿಗೋ ಫೋನು ಮಾಡಿದ. ಹೆಚ್ಚು ಜನ ಹೋಗದ ಹಳೆಯ ಹಳ್ಳಿಗಳಿಗೆ, ಒಂದೊಂದೇ ಕುಟುಂಬವನ್ನು ಕರೆದುಕೊಂಡು ಹೋಗಿ ಸಂಜೆಗೆ ವಾಪಸು ತರುವ ಒಬ್ಬ ಗೈಡ್ ಇದ್ದಾಳೆ ಎಂದ.

ಮರುದಿನ ಬೆಳಿಗ್ಗೆ ರೈಲು ನಿಲ್ದಾಣದಲ್ಲಿ ಅವಳು ನಮಗಾಗಿ ಕಾಯುತ್ತಿದ್ದಳು. ಮೂವತ್ತರ ಆಸುಪಾಸು, ಗಿಡ್ಡ ಕೂದಲು, ಬೂದು ಬಣ್ಣದ ಕೋಟು. ಇಂಗ್ಲಿಷನ್ನು ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಆಡುತ್ತಿದ್ದಳು. ನನಗೆ ಅದೇ ಅನುಕೂಲವಾಯಿತು. ನಾನು ಅವಳ ಮಾತನ್ನು ಅತ್ತೆಗೂ, ಅತ್ತೆಯ ಮಾತನ್ನು ಅವಳಿಗೂ ದಾಟಿಸಬೇಕು. ಮೊದಲಿಗೆ ಅವಳು ಕೇಳಿದ್ದು, ಹಿರಿಯರನ್ನು ಏನೆಂದು ಕರೆಯಲಿ ಎಂದು.

"ಅತ್ತಿ ಅನ್ನು ಅಂತ ಹೇಳು," ಎಂದರು ಅತ್ತೆ. ಆ ದಿನವಿಡೀ ಅವಳು "ಅತ್ತಿ, ಅತ್ತಿ" ಎಂದೇ ಕರೆದಳು. ನನಗಿಂತ ಚೆನ್ನಾಗಿ.

ರೈಲು ದಕ್ಷಿಣಕ್ಕೆ ಓಡಿತು. ಅತ್ತೆ ಎದುರಿನ ಹಲಗೆಯ ಮೇಲೆ ನೀರು ತುಂಬಿದ ಲೋಟ ಇಟ್ಟು, ಅದು ತುಳುಕುತ್ತದೋ ಎಂದು ಬಹಳ ಹೊತ್ತು ನೋಡಿದರು. ತುಳುಕಲಿಲ್ಲ. ಆಮೇಲೆ ಕಿಟಕಿಯ ಆಚೆ ನೋಡತೊಡಗಿದರು. ಗುಡ್ಡಗಳ ನಡುವೆ ಹೊಲಗಳೆಲ್ಲ ಹಳದಿ.

"ಕುಸುಬಿ?" ಎಂದೆ ನಾನು.

"ಕುಸುಬಿ ಇಷ್ಟ್ ಎತ್ತರ ಬೆಳೀತದೇನ್? ಸಾಸವಿ ಜಾತಿ ಅದು. ಎಣ್ಣಿಗೇ ಹಾಕ್ಯಾರ, ಕೇಳಿ ನೋಡು."

ಕೇಳಿದೆ. ಎಣ್ಣೆಗೇ ಹಾಕಿದ್ದು. ಗೈಡ್ ಅತ್ತೆಯತ್ತ ಹೊಸದಾಗಿ ನೋಡಿದಳು. ಬಂದವರು ಹೂವಿನ ಫೋಟೋ ತೆಗೆಯುತ್ತಾರೆ, ಎಣ್ಣೆಯ ಮಾತು ಯಾರೂ ಎತ್ತುವುದಿಲ್ಲ ಎಂದಳು. ಆಮೇಲೆ ತುಸು ಸಂಕೋಚದಿಂದ, ಅತ್ತೆಯ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯಲ್ಲಿ ಏನಿದೆ ಎಂದು ಕೇಳಿದಳು.

"ನಮ್ಮ ದೇವ್ರು. ನಾವ್ ಗುಡಿಗಿ ಹೋಗೂದ್ ಬ್ಯಾಡ, ನಾವ್ ಹೋದಲ್ಲಿ ಬರ್ತಾನ," ಎಂದರು ಅತ್ತೆ. ಅದನ್ನು ಇಂಗ್ಲಿಷಿಗೆ ತರಲು ನಾನು ಮೂರು ಸಲ ಒದ್ದಾಡಿದೆ. ಮೂರನೆಯ ಸಲ ಅವಳಿಗೆ ಅರ್ಥವಾಗಿ, ನಕ್ಕು, ಕೈ ಮುಗಿದಳು.

ರೈಲಿಳಿದು ಕಾರಿನಲ್ಲಿ ಒಂದು ಗಂಟೆ. ಮೊದಲ ಹಳ್ಳಿಗೆ ಹೋದಾಗ ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಪ್ರವಾಸಿಗರೇ ಇರಲಿಲ್ಲ. ಬಿಳಿಯ ಎತ್ತರದ ಗೋಡೆಗಳು, ಮೇಲೆ ಕಪ್ಪು ಹೆಂಚು. ಗೋಡೆಗಳಿಗೆ ಹೊರಗಡೆ ಕಿಟಕಿಯೇ ಇಲ್ಲ. ಪ್ರತಿಯೊಂದು ಬಾಗಿಲ ಮುಂದೆ ಕಲ್ಲಿನ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಒಬ್ಬಾಕೆ ಅದರಲ್ಲಿ ಸೊಪ್ಪು ತೊಳೆಯುತ್ತಿದ್ದಳು. ಇದು ವ್ಯಾಪಾರಿಗಳ ನಾಡು ಎಂದಳು ಗೈಡ್. ಹೊಲ ಕಡಿಮೆ, ಗುಡ್ಡ ಜಾಸ್ತಿ. ಆದ್ದರಿಂದ ಗಂಡುಮಕ್ಕಳು ಹದಿಮೂರು ಹದಿನಾಲ್ಕರ ವಯಸ್ಸಿಗೇ ಉಪ್ಪು, ಚಹಾ, ಕಟ್ಟಿಗೆಯ ವ್ಯಾಪಾರಕ್ಕೆಂದು ದೂರದ ಊರುಗಳಿಗೆ ಹೋಗುತ್ತಿದ್ದರು. ಮದುವೆಗೆ ಬರುವರು, ಮತ್ತೆ ಹೋಗುವರು. ಊರಿನಲ್ಲಿ ಉಳಿಯುತ್ತಿದ್ದವರು ಹೆಂಗಸರು. ಹಾಗಾಗಿಯೇ ಗೋಡೆಗೆ ಕಿಟಕಿ ಇಲ್ಲ.

ಅವಳು ನಮ್ಮನ್ನು ಒಂದು ಮನೆಯೊಳಗೆ ಕರೆದುಕೊಂಡು ಹೋದಳು. ಬಸ್ ಚಾಲಕನಾಗಿದ್ದು ನಿವೃತ್ತನಾದ ಮುದುಕನೊಬ್ಬ ಅಲ್ಲಿ ಒಬ್ಬನೇ ವಾಸವಾಗಿದ್ದ. ಮುತ್ತಜ್ಜನ ಅಜ್ಜ ಕಟ್ಟಿಸಿದ ಮನೆಯಂತೆ. ಒಳಗೆ ಕತ್ತಲಿರಬಹುದೆಂದು ನಾನು ಎಣಿಸಿದ್ದೆ. ಆದರೆ ನಡುಮನೆಯ ಮೇಲೆ ಚಾವಣಿಯೇ ಇರಲಿಲ್ಲ. ನಾಲ್ಕೂ ಕಡೆಯ ಹೆಂಚುಗಳು ಒಳಮುಖವಾಗಿ ಇಳಿದಿದ್ದವು, ನಡುವೆ ಒಂದು ಚೌಕ ಆಕಾಶ. ಮಳೆ ಬಂದರೆ ನೀರೆಲ್ಲ ಮನೆಯೊಳಕ್ಕೇ ಬೀಳಬೇಕು. ನೀರು ಎಂದರೆ ಸಂಪತ್ತು, ಅದು ಹೊರಗೆ ಹರಿದು ಹೋಗಬಾರದು ಎಂದು ಹಳಬರ ನಂಬಿಕೆ.

ಅತ್ತೆ ಆಕಾಶ ನೋಡಿದರು, ನೆಲ ನೋಡಿದರು. "ಹಂಗಾದ್ರ ಕಾಳ್ ಎಲ್ಲಿ ಇಡ್ತಾರ? ಹಸಿ ಹಿಡ್ಯಾಂಗಿಲ್ಲೇನ್?"

ಪ್ರಶ್ನೆ ನನ್ನಿಂದ ಗೈಡಿಗೆ, ಗೈಡಿನಿಂದ ಮುದುಕನಿಗೆ ಹೋಯಿತು. ಮುದುಕ ಅಷ್ಟು ಹೊತ್ತೂ ಬಾಗಿಲ ಬಳಿ ಸುಮ್ಮನೆ ನಿಂತಿದ್ದವನು ಒಮ್ಮೆಲೇ ಚುರುಕಾದ. ಕಿರಿದಾದ ಮರದ ಮೆಟ್ಟಿಲು ಹತ್ತಿಸಿ ಮಾಳಿಗೆಗೆ ಕರೆದೊಯ್ದ. ಅಲ್ಲಿ ಕಾಲುಗಳ ಮೇಲೆ ನಿಲ್ಲಿಸಿದ ಮರದ ಕಣಜ. ಅತ್ತೆ ಅದರ ಮುಚ್ಚಳ ಎತ್ತಿ, ಒಳಗೆ ಕೈ ಇಳಿಬಿಟ್ಟು ಮೂಲೆಯನ್ನು ಮುಟ್ಟಿ ನೋಡಿ, ಒಣಗಿದೆ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ನಮ್ಮ ಕಡೆಯ ಹಗೇವಿನ ಬಗ್ಗೆ ಹೇಳಿದರು: ಆಳುದ್ದದ ಕುಣಿ ತೋಡಿ, ಸುತ್ತ ಜೋಳದ ದಂಟು ಹೊಂದಿಸಿ, ಕಾಳು ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಎರಡು ವರ್ಷ ಹುಳ ಮುಟ್ಟುವುದಿಲ್ಲ. ಮುದುಕ ಬೆರಗಾದ. ಇಲ್ಲಿ ಎರಡು ಮೊಳ ತೋಡಿದರೆ ನೀರು, ನೆಲದೊಳಗೆ ಅಕ್ಕಿ ಇಟ್ಟವನನ್ನು ಹುಚ್ಚನೆನ್ನುತ್ತಾರೆ ಎಂದ. "ನಮ್ಮಲ್ಲಿ ನೆಲದಾಗ ನೀರ್ ಸಿಕ್ಕವನಿಗೆ ದೊರಿ ಅಂತಾರ," ಎಂದರು ಅತ್ತೆ. ಮುದುಕ ಎಷ್ಟು ನಕ್ಕನೆಂದರೆ ಕೆಮ್ಮು ಬಂತು.

ಕೆಳಗೆ ಇಳಿದಾಗ ನಾನು ನಡುಮನೆಯ ಎರಡು ಗೋಡೆಗಳಿಗೆ ಒರಗಿಸಿದ್ದ ಎರಡು ಮೇಜುಗಳನ್ನು ನೋಡಿದೆ. ಎರಡೂ ಅರ್ಧ ಚಂದ್ರನ ಹಾಗೆ. ಒಂದು ಗುಂಡು ಮೇಜನ್ನು ನಟ್ಟನಡುವೆ ಸೀಳಿಟ್ಟಂತೆ. ಏನಿದು ಎಂದು ಕೇಳಿದೆ. ಯಜಮಾನ ಊರಿನಲ್ಲಿದ್ದರೆ ಎರಡನ್ನೂ ಸೇರಿಸಿ ಒಂದೇ ಗುಂಡು ಮೇಜು ಮಾಡುತ್ತಿದ್ದರು, ವ್ಯಾಪಾರಕ್ಕೆ ಹೋಗಿದ್ದರೆ ಬೇರೆ ಬೇರೆ ಇಡುತ್ತಿದ್ದರು ಎಂದಳು ಗೈಡ್. ಬಂದ ಗಂಡಸರು ಮೇಜು ನೋಡಿಯೇ ತಿಳಿದುಕೊಳ್ಳುತ್ತಿದ್ದರು, ಕೂರಬೇಕೋ ಬಾಗಿಲಿನಿಂದಲೇ ಹಿಂತಿರುಗಬೇಕೋ ಎಂದು.

ನಾನು ಅದನ್ನು ಅತ್ತೆಗೆ ಹೇಳಿದೆ. ಅವರು ಒಂದು ಮೇಜಿನ ಹತ್ತಿರ ಹೋಗಿ ಬೆರಳಾಡಿಸಿದರು. ಗುಂಡಗಿನ ಅಂಚು ಕೈ ತಾಗಿ ತಾಗಿ ಸವೆದಿತ್ತು. ನೆಟ್ಟಗಿನ ಅಂಚು ಮಾತ್ರ ಈಗಷ್ಟೇ ಕೊಯ್ದಂತೆ ಚೂಪಾಗಿತ್ತು.

"ಸತ್ತ ಹೋಗಿದ್ರ?" ಎಂದರು.

ಮುದುಕನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಲೆ ಕೆರೆದುಕೊಂಡು, ಆಗಲೂ ಬೇರೆ ಬೇರೆಯೇ ಇರುತ್ತಿತ್ತು, ಮಗ ದೊಡ್ಡವನಾಗುವವರೆಗೆ ಎಂದ.

ಮುದುಕ ಕೊಟ್ಟ ಸೇವಂತಿಗೆ ಹೂವಿನ ಚಹಾ ಕುಡಿದು ಹೊರಟೆವು.

ಮಧ್ಯಾಹ್ನದ ಊಟ ಗೈಡಿನ ತವರಿನಲ್ಲಿ. ಅದು ಪಕ್ಕದ ಕಣಿವೆಯ ಇನ್ನೂ ಸಣ್ಣ ಊರು. ನಾವು ಮಾಂಸ ಮುಟ್ಟುವವರಲ್ಲ ಎಂದು ಮುಂಚೆಯೇ ತಿಳಿಸಿದ್ದೆ. ಹೊರಗಿನ ಖಾನಾವಳಿಗಳಲ್ಲಿ ಹಂದಿಯ ಕೊಬ್ಬು ತಪ್ಪುವುದಿಲ್ಲವೆಂದು ಅವಳು ತನ್ನ ತಾಯಿಗೇ ಅಡುಗೆ ಮಾಡಲು ಹೇಳಿದ್ದಳು. ತಾಯಿ ಗಟ್ಟಿಮುಟ್ಟಾದ ಹೆಂಗಸು, ಚಹಾ ತೋಟದಿಂದ ಆಗಷ್ಟೇ ಬಂದಿದ್ದಳು. ನಮ್ಮ ಮುಂದೆಯೇ ಕಾವಲಿಯ ಮೇಲೆ ದಪ್ಪ ರೊಟ್ಟಿಯೊಂದನ್ನು ಹಾಕಿ, ಅದರ ಮೇಲೆ ಒಂದು ನುಣುಪಾದ ಗುಂಡುಕಲ್ಲನ್ನು ಇಟ್ಟಳು. ಕಲ್ಲಿನ ಭಾರಕ್ಕೆ ರೊಟ್ಟಿ ಒತ್ತಿಕೊಂಡು ಬೇಯಬೇಕು. ಒಳಗೆ ಹುರಿದ ಸೋಯಾ ಕಾಳಿನ ಹಿಟ್ಟಿನ ಹೂರಣ.

ಅತ್ತೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. "ಹೋಳಿಗೀನೇ ಇದು! ಬೆಲ್ಲ ಇಲ್ಲ, ಉಪ್ಪಿನ ಹೋಳಿಗಿ. ಬಡಿಯಾಕ್ ಬ್ಯಾಸರ್ ಆಗಿ ಕಲ್ಲಿನ ಕೈಲೆ ಒತ್ತಸಾಕತ್ತಾಳ ನೋಡು."

ಆಮೇಲೆ ತಮ್ಮ ಚೀಲದಿಂದ ಕಟಕ್ ರೊಟ್ಟಿ ತೆಗೆದು ಕೊಟ್ಟರು. ತಾಯಿ ಅದನ್ನು ಮುರಿದಾಗ ಬಂದ ಸದ್ದಿಗೆ ಬೆಚ್ಚಿ, ನಕ್ಕು, ಮತ್ತೆ ಮುರಿದಳು. ಯಾವ ಹಿಟ್ಟು, ಎಷ್ಟು ದಿನ ಇರುತ್ತದೆ, ನೀರು ಬಿಸಿಯೋ ತಣ್ಣಗೋ ಎಂದು ಕೇಳಿದಳು. ಕೆಲವು ಪ್ರಶ್ನೆಗಳಿಗೆ ನಾನೂ ಬೇಕಾಗಲಿಲ್ಲ, ಗೈಡೂ ಬೇಕಾಗಲಿಲ್ಲ. ಅತ್ತೆ ಗಾಳಿಯಲ್ಲೇ ಕೈಯಾಡಿಸಿ ಹಿಟ್ಟು ನಾದಿ ತೋರಿಸಿದರು. ಬೂರುಸು ಹಿಡಿಸಿ ಹುದುಗಿಸಿದ ಸೋಯಾ ಗಿಣ್ಣಿನ ತಟ್ಟೆಯೊಂದು ಬಂದಾಗ ಮಾತ್ರ, ಅದರ ಮೇಲೆ ಬೆಕ್ಕಿನ ಮರಿಯ ಹಾಗೆ ಬಿಳಿಯ ಕೂದಲು ನೋಡಿ, "ಇದ್ನ ನೀ ಉಣ್ಣು, ನಾ ನೋಡ್ತೇನಿ," ಎಂದು ನನ್ನ ಕಡೆ ಸರಿಸಿದರು. ಕರಿದ ಮೇಲೆ ತಿಂದೆ. ಚೆನ್ನಾಗಿಯೇ ಇತ್ತು.

ಊಟದ ಮೇಲೆ ಗೈಡ್ ನಮ್ಮನ್ನು ಹಳ್ಳಿಯ ಆಚೆಗೆ ನಡೆಸಿಕೊಂಡು ಹೋದಳು. ಹಳದಿ ಹೂವಿನ ಹೊಲಗಳ ನಡುವೆ ಒಂದು ಹಳೆಯ ಕಲ್ಲುಹಾಸಿನ ದಾರಿ, ಆ ದಾರಿಗೆ ಅಡ್ಡಲಾಗಿ ಒಂದು ದೊಡ್ಡ ಕಲ್ಲಿನ ಕಮಾನು. ನಾಲ್ಕು ಕಂಬ, ಮೂರು ಬಾಗಿಲು, ಮೇಲೆ ಸಾಲುಸಾಲು ಕೆತ್ತನೆ. ಹಿಂದೆ ಕೋಟೆಯೂ ಇಲ್ಲ, ಗುಡಿಯೂ ಇಲ್ಲ. ಸುಮ್ಮನೆ ಹೊಲದಲ್ಲಿ ನಿಂತ ಬಾಗಿಲು.

"ಯಾವ ರಾಜನ್ದು?" ಎಂದರು ಅತ್ತೆ.

ರಾಜನದಲ್ಲ, ರಾಜನ ಅಪ್ಪಣೆಯಿಂದ ಒಬ್ಬ ಹೆಂಗಸಿಗಾಗಿ ಕಟ್ಟಿಸಿದ್ದು ಎಂದಳು ಗೈಡ್. ಅವಳ ಗಂಡ ಚಿಕ್ಕ ವಯಸ್ಸಿಗೇ ತೀರಿಕೊಂಡ. ಅವಳು ಮತ್ತೆ ಮದುವೆಯಾಗದೆ, ಅತ್ತೆ ಮಾವನ ಸೇವೆ ಮಾಡುತ್ತ, ಸಾಯುವವರೆಗೂ ಗಂಡನ ಮನೆಯಲ್ಲೇ ಉಳಿದಳು. ಅಂಥವರ ವರದಿ ರಾಜಧಾನಿಗೆ ಹೋಗುತ್ತಿತ್ತು; ಒಪ್ಪಿಗೆ ಬಂದರೆ ಊರವರು ಇಂಥ ಕಮಾನು ಎತ್ತುತ್ತಿದ್ದರು. ಇಡೀ ಮನೆತನಕ್ಕೆ ದೊಡ್ಡ ಮರ್ಯಾದೆ.

ನಾನು ಕನ್ನಡದಲ್ಲಿ ಹೇಳಿ ಮುಗಿಸುವ ತನಕ ಅತ್ತೆ ತಲೆ ಎತ್ತಿ ಕಮಾನಿನ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದರು.

"ಆಕಿ ಹೆಸರೇನ್?"

ಗೈಡ್ ಮೇಲೆ ನೋಡಿ ಓದಿದಳು. "ಇಂಥವನ ಹೆಂಡತಿ, ಇಂಥ ಮನೆತನದ ಮಗಳು ಎಂದಷ್ಟೇ ಇದೆ. ಅವಳ ಸ್ವಂತ ಹೆಸರು ಬರೆದಿಲ್ಲ."

"ಇಷ್ಟ್ ಕಲ್ಲ ಕಡದಾರ, ಹೆಸರ್ ಬರಿಯಾಕ್ ಜಾಗ ಸಿಗಲಿಲ್ಲ?" ಅತ್ತೆ ಕಂಬದ ಬುಡದ ಕಲ್ಲಿನ ಮೇಲೆ ಕೂತರು. "ಆಕಿನ್ನ ಯಾರರ ಕೇಳಿದ್ರಂತೇನು? ನೀ ಹಿಂಗೇ ಇರ್ತಿಯೇನವ್ವಾ ಅಂತ?"

ಗೈಡ್ ಮತ್ತೊಮ್ಮೆ ಆ ಅಕ್ಷರಗಳನ್ನು ಓದಿದಳು. ಕೇಳಿದ ಬಗ್ಗೆ ಎಲ್ಲೂ ಬರೆದಿಲ್ಲ ಎಂದಳು.

ನಾನು ಅತ್ತೆಯ ಪಕ್ಕದಲ್ಲಿ ಕೂತೆ. ದಣಿದಿರಬಹುದೆಂದು ನೀರಿನ ಬಾಟಲಿ ಕೊಟ್ಟೆ. ಅವರು ಕುಡಿಯಲಿಲ್ಲ, ಮುಚ್ಚಳ ತಿರುವುತ್ತ ಕೂತರು.

"ನಂಗ ಹದಿನೆಂಟಕ್ಕ ಲಗ್ನ ಆತು," ಎಂದರು. "ನಿಮ್ಮ ಮಾವನ ಜೋಡಿ ಅಲ್ಲ."

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡೆ.

"ಅಫಜಲಪುರದ ಆಚಿ, ಭೀಮಾ ದಂಡಿ ಮ್ಯಾಲಿನ ಊರು. ಹನ್ನೊಂದು ತಿಂಗಳ ಸಂಸಾರ. ಕಾಮಣಿ ಬ್ಯಾನಿ ಆತು ಅವರಿಗೆ. ಕಣ್ಣ ಹಳದಿ, ಉಗುರ ಹಳದಿ. ಕಲಬುರ್ಗಿಗಿ ಒಯ್ಯೂದ್ರೊಳಗ ಎಲ್ಲಾ ಮುಗದ್ ಹೋತು."

"ಆಮ್ಯಾಲ್ರಿ, ಅತ್ತಿ?"

"ಅಲ್ಲೇ ಇದ್ದೆ, ಒಂದ್ ವರ್ಷ. ನನ್ನ ತವರ ಇಜೇರಿಂದ ನಮ್ಮಪ್ಪ ಎರಡ ಸಲ ಕರಿಯಾಕ್ ಬಂದ. 'ಈಕಿ ನನ್ನ ಮಗಳ್ರಿ' ಅಂತ ಆ ಅತ್ತಿ ಕಳಸಲಿಲ್ಲ. ಆಮ್ಯಾಲ್ ಒಂದ್ ದಿನ ಆಕಿನೇ ನನ್ನ ಕರಕೊಂಡು ಬಸ್ ಹತ್ತಿ ಇಜೇರಿಗಿ ಬಂದ್ಳು. ಕೈಯಾಗ ಒಂದ್ ಹೊಸಾ ಹಸರ್ ಸೀರಿ. ಅದನ್ನ ನಮ್ಮಪ್ಪನ ಮುಂದ ಇಟ್ಟು, 'ಈಕಿಗಿ ಉಡಿಕಿ ಮಾಡ್ರಿ. ನೀವ್ ವರ ಹುಡುಕ್ರಿ, ಆಗಲ್ಲಂದ್ರ ನಾನೇ ಹುಡುಕ್ತೇನಿ' ಅಂದ್ಳು."

ಉಡಿಕಿ ಎಂದರೆ ನಮ್ಮ ಕಡೆ ವಿಧವೆಗೆ ಹೊಸ ಸೀರೆ ಉಡಿಸಿ ಮತ್ತೆ ಮದುವೆ ಮಾಡಿಕೊಡುವುದು. ಶರಣರನ್ನು ನಂಬಿದವರಿಗೆ ಅದು ತಪ್ಪಲ್ಲ ಎಂದು ಬಾಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೂ ಹೊಲಮನೆಯಿದ್ದ ಮನೆತನಗಳಲ್ಲಿ ಅದನ್ನು ಕಡಿಮೆ ಎಂದು ಎಣಿಸಿ, ನಡೆದಿದ್ದರೂ ಮುಚ್ಚಿಡುತ್ತಿದ್ದುದು ನನಗೆ ಗೊತ್ತಿತ್ತು.

"ನಮ್ಮ ದೊಡ್ಡಪ್ಪ ಎದ್ದ ನಿಂತ. ನಮ್ಮ ಮನಿತನದಾಗ ಇದು ನಡ್ಯಾಂಗಿಲ್ಲ ಅಂದ. ಆಕಿ ಅಂಜಲಿಲ್ಲ ಬೇ. 'ಮಗನ್ನ ಕಳಕೊಂಡಾಕಿ ನಾನು. ನಾನೇ ಹೂಂ ಅಂದ ಮ್ಯಾಲ ನಡುವ ನಿಮ್ದೇನ್ರಿ?' ಅಂತ ಕೇಳಿದ್ಳು. ಎದ್ದವ ಕುಂತಬಿಟ್ಟ."

ಹೊಲದ ಬದುವಿನ ಮೇಲೆ ನಿಂತಿದ್ದ ಗೈಡ್, ಅತ್ತಿ ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ನಾನು ಅನುಮಾನಿಸಿದೆ.

"ಹೇಳು ಆಕಿಗೂ," ಎಂದರು ಅತ್ತೆ. "ಆಕಿಗೆ ಹೇಳಿದ್ರ ಆಳಂದಕ್ಕ ಮುಟ್ಟಾಂಗಿಲ್ಲ."

ಹೇಳಿದೆ. ಗೈಡ್ ಬಂದು ನಮ್ಮ ಎದುರಿಗೆ ನೆಲದ ಮೇಲೆ ಕೂತಳು.

ಮಿಕ್ಕದ್ದನ್ನು ಅತ್ತೆ ಸಣ್ಣದಾಗಿ ಮುಗಿಸಿದರು. ನಮ್ಮ ಮಾವ ಆಗ ಜೇವರ್ಗಿ ಕಡೆಯ ಹಳ್ಳಿಗಳಿಗೆ ತೊಗರಿ ಖರೀದಿಗೆ ಹೋಗುತ್ತಿದ್ದರು. ಇಜೇರಿಯ ಆ ಮನೆಯಲ್ಲಿ ನೀರು ಕುಡಿಯುತ್ತಿದ್ದವರು. ಎಲ್ಲ ತಿಳಿದೇ ಒಪ್ಪಿಕೊಂಡರು. ವಾಲಗವಿಲ್ಲ, ಹಂದರವಿಲ್ಲ, ಆ ಹಸಿರು ಸೀರೆ, ಐದು ಜನ ಹಿರಿಯರು, ಅಷ್ಟೇ. "ನಿಮ್ಮ ಮಾವ ಒಂದ್ ಮಾತ್ ಹೇಳಿದ್ರು. ಆಳಂದದಾಗ ಯಾರ್ ಮುಂದೂ ಹೇಳೂದ್ ಬ್ಯಾಡ, ನಮ್ಮವ್ವ ತಡಕೊಳ್ಳಾಂಗಿಲ್ಲ ಅಂತ. ಹೂಂ ಅಂದೆ. ಅವರವ್ವ ಹೋದ್ಳು. ಅವರೂ ಹೋದ್ರು. ಮಾತ್ ಹಂಗೇ ಉಳೀತು."

"ನಿಮ್ಮ ಮಗಗ?"

"ಗೊತ್ತಿಲ್ಲ."

"ಆ ಅತ್ತಿನ್ನ ಮತ್ತ ನೋಡಿದ್ರೇನ್ರಿ?"

ಅವರು ಇಲ್ಲವೆಂದು ತಲೆಯಾಡಿಸಿದರು. "ಹೋಗಬೇಕಂದ್ರ ಎಲ್ಲಿಗಂತ ಹೇಳಿ ಹೋಗ್ಲಿ? ಆಕಿ ತೀರಕೊಂಡ್ಳು ಅಂತ ಸುದ್ದಿ ಬಂತು, ನಿನ್ನ ಗಂಡ ಸಾಲ್ಯಾಗ ಎರಡನೇ ಇಯತ್ತೆ ಇದ್ದಾಗ. ಅವತ್ತ ಮಿಲ್ಲಿನ್ಯಾಗ ಕಾಳ್ ಹಸನ ಮಾಡಾಕತ್ತಿದ್ದೆ. ಮಾಡ್ಕೋತ ಕುಂತೆ."

ಸೆರಗಿನಿಂದ ಮೂಗು ಒರೆಸಿಕೊಂಡರು. ಹತ್ತಿರದಲ್ಲೆಲ್ಲೋ ಜೇನ್ನೊಣಗಳ ಸದ್ದು. ಗೈಡ್ ನಿಧಾನವಾಗಿ ಹೇಳಿದಳು: ಈ ಕಥೆಯನ್ನು ತಾನು ನೂರಾರು ಜನರಿಗೆ ಹೇಳಿದ್ದೇನೆ, ಎಲ್ಲರೂ ಕೆತ್ತನೆ ಹೊಗಳಿ ಫೋಟೋ ತೆಗೆದುಕೊಂಡು ಹೋಗಿದ್ದಾರೆ, ಅವಳ ಹೆಸರು ಕೇಳಿದವರು ಇವರೊಬ್ಬರೇ. ತನ್ನ ಅಜ್ಜಿ ಈ ದಾರಿಯಲ್ಲಿ ನಡೆಯುವಾಗ ಕಮಾನಿನ ಒಳಗಿನಿಂದ ಹೋಗದೆ ಹೊಲಕ್ಕಿಳಿದು ಸುತ್ತು ಹಾಕುತ್ತಿದ್ದಳಂತೆ. ಯಾಕೆಂದು ಆಕೆಯನ್ನು ಕೇಳಲು ತನಗೆ ಹೊಳೆಯಲೇ ಇಲ್ಲ ಎಂದಳು.

ಅತ್ತೆ ಎದ್ದು ಸೀರೆಯ ಧೂಳು ಕೊಡವಿಕೊಂಡು, ಕಂಬವನ್ನು ಬೆರಳಿನಿಂದ ಬಡಿದು ನೋಡಿದರು. "ಈ ಕಲ್ ಎಲ್ಲಿಂದ ತಂದಾರ? ನಮ್ಮ ಶಹಾಬಾದ್ ಕಲ್ ಹಂಗ ಪದರ್ ಇಲ್ಲ ಇದ್ಕ."

ವಾಪಸಿನ ರೈಲಿನಲ್ಲಿ ಅವರು ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ. ಹದಿನೇಳು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಹುಳಿ ಎಷ್ಟು ಹಾಕಬೇಕು, ಮಗುವಿನ ಹೊಟ್ಟೆನೋವಿಗೆ ಏನು ಕೊಡಬೇಕು ಎಂದು ಸಾವಿರ ಪ್ರಶ್ನೆ ಕೇಳಿದ್ದೆ. ಮದುವೆಗೆ ಮುಂಚೆ ನೀವು ಹೇಗಿದ್ದಿರಿ ಎಂದು ಒಂದು ಸಲವೂ ಕೇಳಿರಲಿಲ್ಲ. ಮುಚ್ಚಿಟ್ಟಿದ್ದು ಅವರೇ ಇರಬಹುದು. ಆದರೆ ನಾನೂ ಆ ಕಡೆ ಕೈ ಚಾಚಿದವಳಲ್ಲ. ಅವರ ಮುಖ ನೋಡುತ್ತ ಕೂತೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಮತ್ತೊಬ್ಬ ಹೆಂಗಸಿನ ಜೊತೆ ಬಸ್ಸಿನಲ್ಲಿ ಇಜೇರಿಗೆ ಹೋಗುತ್ತಿರುವುದನ್ನು ಊಹಿಸಲು ನೋಡಿದೆ. ಆ ಅತ್ತೆ ದಾರಿಯಲ್ಲಿ ಏನು ಮಾತಾಡಿದ್ದಿರಬಹುದು?

ಮರುದಿನ ಕಾರ್ಖಾನೆಯಲ್ಲಿ ಯಂತ್ರ ನಮ್ಮ ಬೇಳೆಯನ್ನು ಆರಿಸಿ ಕೊಟ್ಟಿತು. ಅತ್ತೆ ಅಂಗೈಯಲ್ಲಿ ಹರಡಿ ನೋಡಿ, ಯಂತ್ರ ಬಿಸಾಡಿದ ರಾಶಿಯಿಂದ ಒಳ್ಳೆಯ ಕಾಳುಗಳನ್ನು ಆರಿಸಿ ಇಂಜಿನಿಯರನ ಮೇಜಿನ ಮೇಲೆ ಇಟ್ಟರು. ಅವನು ಮತ್ತೆರಡು ಸಲ ಹೊಂದಿಸಿದ. ಮೂರನೆಯ ಸಲ ಒಪ್ಪಿದರು. ಯಂತ್ರ ಈಗ ಆಳಂದದಲ್ಲಿದೆ.

ಊರಿಗೆ ಬಂದ ಮೇಲೆ ನಾನು ಯಜಮಾನರ ಹತ್ತಿರ ಬಾಯಿ ಬಿಡಲಿಲ್ಲ. ಅದು ನಾನು ಹೇಳುವ ಮಾತಲ್ಲ. ಹದಿನೈದು ದಿನ ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತ ಅತ್ತೆಯೇ ಮಗನಿಗೆ ಹೇಳಿದರು. ಕಮಾನಿನ ಕೆಳಗೆ ಹೇಳಿದಷ್ಟೇ ನೇರವಾಗಿ, ಅದಕ್ಕಿಂತ ಚಿಕ್ಕದಾಗಿ. ಯಜಮಾನರು ಕಪ್ಪು ಹಿಡಿದುಕೊಂಡೇ ಕೂತರು. ಚಹಾ ಆರಿತು. ಸಿಟ್ಟು ಬರುತ್ತದೇನೋ ಎಂದು ನಾನು ಕಾದೆ.

"ಅಪ್ಪಗ ಎಲ್ಲಾ ಗೊತ್ತಿತ್ತಾ?" ಎಂದರು ಕೊನೆಗೆ.

"ಎಲ್ಲಾ ಗೊತ್ತಿತ್ತಪ."

ಅವರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, "ಆ ಊರಿಗಿ ರಸ್ತಾ ಬರಾಬರ್ ಅದೇನ್?" ಎಂದರು.

ಮುಂದಿನ ಭಾನುವಾರ ಮೂವರೂ ಕಾರಿನಲ್ಲಿ ಅಫಜಲಪುರ ದಾಟಿ ಹೋದೆವು. ಭೀಮೆಯ ದಂಡೆಯ ಊರು, ಸುತ್ತ ಕಬ್ಬು. ನಲವತ್ತೇಳು ವರ್ಷದ ಮೇಲೂ ಅತ್ತೆ ದಾರಿ ತಪ್ಪಲಿ‍ಲ್ಲ. ಆದರೆ ಆ ಮನೆ ಇದ್ದ ಜಾಗದಲ್ಲಿ ಸಿಮೆಂಟಿನ ಮನೆ ಎದ್ದಿತ್ತು. ಕಟ್ಟೆಯ ಮೇಲೆ ಅರವತ್ತರ ಹತ್ತಿರದ ಹೆಂಗಸೊಬ್ಬಳು ಶೇಂಗಾ ಸುಲಿಯುತ್ತಿದ್ದಳು. ಅತ್ತೆ ಹೋಗಿ ಅವಳ ಮುಂದೆ ನಿಂತರು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು, ಎದ್ದಳು, ಮಡಿಲಿನ ಶೇಂಗಾ ಎಲ್ಲ ಚೆಲ್ಲಿತು.

"ವೈನೀ?"

ಅತ್ತೆಯ ಮೊದಲ ಗಂಡನ ತಂಗಿ ಅವಳು. ಅತ್ತೆ ಆ ಮನೆ ಬಿಟ್ಟಾಗ ಹತ್ತು ವರ್ಷದ ಹುಡುಗಿ. ಊರಿನಲ್ಲೇ ಮದುವೆಯಾಗಿ, ಈಗ ಇನ್ನೊಬ್ಬ ಅಣ್ಣನ ಮಕ್ಕಳ ಮನೆಗೆ ಬಂದಿದ್ದಳು. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ನಿಂತೇ ಇದ್ದರು. ಅವ್ವ ಕೊನೆಯವರೆಗೂ ನಿನ್ನ ಸುದ್ದಿ ಕೇಳುತ್ತಿದ್ದಳು, ಜೇವರ್ಗಿ ಸಂತೆಗೆ ಹೋದವರ ಕೈಯಲ್ಲಿ ವಿಚಾರಿಸುತ್ತಿದ್ದಳು, ಗಂಡು ಮಗು ಆಯಿತೆಂದು ಕೇಳಿ ಸಕ್ಕರೆ ಹಂಚಿದ್ದಳು ಎಂದು ಅವಳು ಹೇಳಿದಳು. ಅತ್ತೆ ಮಗನನ್ನು ತೋರಿಸಿ, "ಇವನೇ," ಎಂದರು. ಯಜಮಾನರು ಬಗ್ಗಿ ಅವಳ ಕಾಲು ಮುಟ್ಟಿದರು. ಅವರ ಕಣ್ಣು ಒದ್ದೆಯಾದದ್ದನ್ನು ಮಾವ ತೀರಿದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಒಳಗೆ ಚಾಪೆ ಹಾಸಿದರು. ರೊಟ್ಟಿ, ಪುಂಡಿಪಲ್ಯ, ಮೊಸರು ಬಂತು. ಇಷ್ಟು ವರ್ಷ ಬರದವಳು ಈಗ ಹೇಗೆ ಬಂದೆ ಎಂದು ಆಕೆ ಕೇಳಿದಳು. ಚೀನಾಕ್ಕೆ ಹೋಗಿದ್ದೆ ಎಂದರು ಅತ್ತೆ. ಆಕೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಚೀನಾಕ್ಕ? ಖರೇನ? ಅಲ್ಲಿ ಮಂದಿ ಏನ್ ಉಣ್ತಾರ ವೈನೀ? ಹ್ಯಾಂಗಿರ್ತಾವ ಮನಿ?"

ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತರು. "ಮನಿ ಭಾಳ ಎತ್ತರ ಇರ್ತಾವ. ನಡುಮನಿಗಿ ಮ್ಯಾಲ ಏನೂ ಇರಾಂಗಿಲ್ಲ, ಮಳಿ ನೀರೆಲ್ಲಾ ಒಳಗ ಬೀಳ್ತದ," ಎಂದು ಶುರು ಮಾಡಿದರು. ಮನೆಯ ಹೆಂಗಸರೆಲ್ಲ ಅಡುಗೆಮನೆಯಿಂದ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು.